ನರಸಿಂಹನು ಬಾರದ ಸೆರೆಮನೆ

ನಮ್ಮ ಪುರಾಣಗಳಲ್ಲಿಯೂ ಜನಪದದಲ್ಲಿಯೂ ಸತ್ಯಕ್ಕಾಗಿ ನೊಂದವರ ಕಥೆಗಳು ಬಹುಮಟ್ಟಿಗೆ ಮಂಗಳದಲ್ಲಿಯೇ ಮುಗಿಯುತ್ತವೆ. ತಂದೆಯ ಅರಮನೆಯೇ ಸೆರೆಮನೆಯಾಗಿ, ವಿಷವುಣ್ಣಿಸಿದರೂ ಆನೆಯ ಕಾಲಡಿಗೆ ಕೆಡಹಿದರೂ ಬೆಟ್ಟದ ಮೇಲಿಂದ ಉರುಳಿಸಿದರೂ ಹರಿಯ ಹೆಸರನ್ನು ಬಿಡದ ಪ್ರಹ್ಲಾದನಿಗೆ ಕಡೆಯಲ್ಲಿ ಕಂಬವನ್ನೊಡೆದು ಬರುವ ಒಡೆಯನುಂಟು. ಮಡದಿಯ ಕೊರಳಿನ ಮೇಲೆ ಕತ್ತಿಯೆತ್ತಿದ ಹರಿಶ್ಚಂದ್ರನ ಕೈಯನ್ನು ತಡೆಯಲು ಕಾಶಿಯ ವಿಶ್ವನಾಥನೇ ಬರುತ್ತಾನೆ. ಕಂದನನ್ನು ದೊಡ್ಡಿಯಲ್ಲಿ ಬಿಟ್ಟು, ಕೊಟ್ಟ ಮಾತಿಗಾಗಿ ಗುಡ್ಡಕ್ಕೆ ಹಿಂದಿರುಗಿದ ಪುಣ್ಯಕೋಟಿಯ ಮುಂದೆ ಹುಲಿಯೇ ನಾಚಿ ಪ್ರಾಣ ಬಿಡುತ್ತದೆ. ಈ ಕಥೆಗಳನ್ನು ಕೇಳಿಯೇ ಬೆಳೆದ ನಮಗೆ ಸತ್ಯಕ್ಕೂ ರಕ್ಷಣೆಗೂ ಅವಿನಾಭಾವವಾದ ನಂಟಿದೆಯೆಂದು ತೋರುವುದು ಸಹಜ. ಕಷ್ಟವೆಂಬುದು ಪರೀಕ್ಷೆ, ಪರೀಕ್ಷೆಯೆಂದ ಮೇಲೆ ಪರೀಕ್ಷಕನುಂಟು, ಪರೀಕ್ಷಕನು ಕರುಣಾಳು, ಆದುದರಿಂದ ಕಡೆಯ ಗಳಿಗೆಯಲ್ಲಿ ಕೈಹಿಡಿಯದೆ ಇರಲಾರನು ಎಂಬ ಸರಣಿ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ನಾವು ತರ್ಕವೆಂದು ಕೂಡ ಗುರುತಿಸುವುದಿಲ್ಲ. ಆದರೆ ಕಂಬ ಒಡೆಯದಿದ್ದರೆ? ಎತ್ತಿದ ಕತ್ತಿ ಇಳಿದೇಬಿಟ್ಟರೆ? ಹುಲಿ ನಾಚದೆ ಹೋದರೆ? ಆಗಲೂ ಆ ಸತ್ಯನಿಷ್ಠೆಗೆ ಅದೇ ಬೆಲೆಯುಂಟೆ, ಅಥವಾ ನಾವು ಇಷ್ಟು ದಿನವೂ ಪೂಜಿಸಿಕೊಂಡು ಬಂದದ್ದು ಸತ್ಯವನ್ನಲ್ಲ, ಅದರ ಫಲವನ್ನೆ?

ಈ ಪ್ರಶ್ನೆಯನ್ನು ಗ್ರಂಥಗಳ ಆಧಾರದಿಂದ ಬಿಡಿಸುವ ಬದಲು ಒಬ್ಬ ರೈತನ ಬಾಳಿನ ಎದುರಿಗೆ ಇಟ್ಟು ನೋಡುವುದು ಮೇಲೆಂದು ನನಗೆ ತೋರುತ್ತದೆ. ಆತನ ಹೆಸರು ಫ್ರಾಂತ್ಸ್ ಯೇಗರ್‌ಷ್ಟೆಟ್ಟರ್. ಉತ್ತರ ಆಸ್ಟ್ರಿಯದಲ್ಲಿ, ಜಾಲ್ಟ್ಸಾಖ್ ನದಿಯ ದಡದಲ್ಲಿ, ಜರ್ಮನಿಯ ಬವೇರಿಯ ಪ್ರಾಂತದ ಗಡಿಗೆ ಅಂಟಿಕೊಂಡಿರುವ ಸಾಂಕ್ಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಲ್ಲಿ 1907ರ ಮೇ 20ರಂದು ಆತನು ಹುಟ್ಟಿದನು. ಹಿಟ್ಲರನು ಹುಟ್ಟಿದ ಬ್ರೌನಾವ್ ಪಟ್ಟಣವೂ ಅದೇ ಜಿಲ್ಲೆಯದು. ಆ ಸೀಮೆಯವರಿಗೆ ಸರ್ವಾಧಿಕಾರಿಯು ಎಲ್ಲಿಯೋ ದೂರದ ಬರ್ಲಿನ್ನಿನ ಅರಸನಲ್ಲ, ನೆರೆಯೂರಿನ ಮಗನೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಅವನನ್ನು ಒಲ್ಲೆನೆಂದವನ ಒಂಟಿತನ ಎಂತಹುದೆಂಬುದು ಸ್ವಲ್ಪಮಟ್ಟಿಗಾದರೂ ಮನಸ್ಸಿಗೆ ಬಂದೀತು.

ಫ್ರಾಂತ್ಸನು ಹುಟ್ಟಾ ಸಂತನಲ್ಲ. ಕೂಲಿಯಾಳು ಮತ್ತು ಮನೆಗೆಲಸದ ಹೆಂಗಸು, ಮದುವೆಯ ಖರ್ಚಿಗೂ ಗತಿಯಿಲ್ಲದ ಇಬ್ಬರು ಬಡವರ ಮಗನಾಗಿ ಹುಟ್ಟಿ, ಅಜ್ಜಿಯ ಆಸರೆಯಲ್ಲಿ ಬೆಳೆದನು. ಹೆತ್ತ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದನು; ತಾಯಿ 1917ರಲ್ಲಿ ಒಬ್ಬ ರೈತನನ್ನು ಮದುವೆಯಾದಾಗ ಆತನು ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಮನೆತನದ ಹೆಸರನ್ನು ಕೊಟ್ಟನು. ಪ್ರಾಯಕ್ಕೆ ಬಂದ ಮೇಲೆ ಫ್ರಾಂತ್ಸನು ಕೆಲವು ಕಾಲ ಕಬ್ಬಿಣದ ಗಣಿಯಲ್ಲಿ ದುಡಿದು, ಮೋಟಾರ್ ಸೈಕಲ್ಲೊಂದನ್ನು ಹತ್ತಿಕೊಂಡು ಊರಿಗೆ ಹಿಂದಿರುಗಿದನು. ಆ ಹಳ್ಳಿ ಕಂಡ ಮೊದಲನೆಯ ಮೋಟಾರ್ ಸೈಕಲ್ ಅದೇ. ಮದುವೆಗೆ ಮುಂಚೆಯೇ ಒಂದು ಹೆಣ್ಣುಮಗುವಿಗೆ ತಂದೆಯೂ ಆಗಿದ್ದನು. ಇಂತಹವನು 1936ರಲ್ಲಿ ಫ್ರಾಂತ್ಸಿಸ್ಕಾ ಎಂಬ ದೈವಭಕ್ತೆಯನ್ನು ಕೈಹಿಡಿದು, ಹೊಸ ಮದುವಣಿಗಿತ್ತಿಯೊಡನೆ ರೋಮಿಗೆ ಯಾತ್ರೆ ಹೋಗಿ ಬಂದು, ಹೊಲಗದ್ದೆ, ಹಸುಕರು, ಒಬ್ಬರ ಹಿಂದೊಬ್ಬರಾಗಿ ಹುಟ್ಟಿದ ಮೂವರು ಹೆಣ್ಣುಮಕ್ಕಳು ಎಂಬ ಗೃಹಸ್ಥನ ಸುಖದಲ್ಲಿ ನೆಲೆಗೊಂಡನು. ಅವನ ಸಂಸಾರ ಶುಷ್ಕವಾಗಿತ್ತೆಂದೋ, ಅದನ್ನು ಬಿಟ್ಟುಹೋಗುವುದು ಅವನಿಗೆ ಸುಲಭವಾಗಿತ್ತೆಂದೋ ಭಾವಿಸುವವರು, ಅವನು ಸೆರೆಯಿಂದ ಬರೆದ ಕಾಗದಗಳನ್ನು ನೋಡಬೇಕು. ಬಿತ್ತನೆ ಎಲ್ಲಿಯವರೆಗೆ ಬಂತು, ಹೊಲದ ಕೆಲಸಕ್ಕೆ ಯಾರು ಕೈಗೂಡಿಸುತ್ತಿದ್ದಾರೆ, ಮಕ್ಕಳು ಹೇಗಿದ್ದಾರೆ ಎಂಬ ವಿಚಾರಣೆಗಳು ಅವನ ಪ್ರಾರ್ಥನೆಗಳ ಜೊತೆಜೊತೆಯಲ್ಲಿಯೇ ಅಲ್ಲಿ ಇವೆ.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕಿತು. ಏಪ್ರಿಲ್‌ನಲ್ಲಿ ಆ ಆಕ್ರಮಣಕ್ಕೆ ಜನರ ಸಮ್ಮತಿಯ ಮುದ್ರೆಯನ್ನೊತ್ತಿಸಲು ಮತದಾನ ನಡೆದಾಗ, ಸಾಂಕ್ಟ್ ರಾಡೆಗುಂಡಿನಲ್ಲಿ ವಿರೋಧವಾಗಿ ಬಿದ್ದ ಮತ ಇವನೊಬ್ಬನದೇ. ಮೇಲಕ್ಕೆ ಹೋದ ವರದಿಯಲ್ಲಿ ಮಾತ್ರ ಊರು ಒಮ್ಮತದಿಂದ ಒಪ್ಪಿತೆಂದಿತ್ತು. ಆ ವರ್ಷದ ಆರಂಭದಲ್ಲಿಯೇ ಅವನಿಗೊಂದು ಕನಸು ಬಿದ್ದಿತ್ತು: ಬೆಟ್ಟವನ್ನು ಬಳಸಿಕೊಂಡು ಬರುವ ಸುಂದರವಾದ ರೈಲುಗಾಡಿ, ಅದನ್ನು ಹತ್ತಲು ಮುಗಿಬೀಳುತ್ತಿರುವ ದೊಡ್ಡವರು ಚಿಕ್ಕವರು, ಆ ಗಾಡಿ ನರಕಕ್ಕೆ ಹೋಗುತ್ತದೆಯೆಂದು ಸಾರುವ ಒಂದು ದನಿ. ಆ ಗಾಡಿ ಯಾವುದೆಂದು ಅವನಿಗೆ ಆಮೇಲೆ ತಿಳಿಯಿತು. ಕನಸಿಗೆ ನಾನು ಹೆಚ್ಚು ಬೆಲೆ ಕಟ್ಟುವುದಿಲ್ಲ. ಕನಸುಗಳು ಅನೇಕರಿಗೆ ಬೀಳುತ್ತವೆ. ಅವನು ಎಚ್ಚರದಲ್ಲಿ ಮಾಡಿದ್ದು ಅದಕ್ಕಿಂತ ದೊಡ್ಡದು. ಹೊಸ ಸರ್ಕಾರ ಮಕ್ಕಳಿರುವ ಸಂಸಾರಗಳಿಗೆ ಕೊಡುತ್ತಿದ್ದ ಭತ್ಯವನ್ನು ಅವನು ಮುಟ್ಟಲಿಲ್ಲ. ನಾಜಿ ಪಕ್ಷದವರು ವಂತಿಗೆ ಎತ್ತಲು ಬಂದರೆ ಕೊಡಲಿಲ್ಲ. ಎಂಟನೆಯ ತರಗತಿಯಾಚೆಯ ಓದನ್ನು ಕಾಣದ ಆ ರೈತನು ನೋಟುಬುಕ್ಕುಗಳಲ್ಲಿ ತನಗೆ ತಾನೇ ಪ್ರಶ್ನೆಗಳನ್ನು ಹಾಕಿಕೊಂಡು ಉತ್ತರ ಬರೆಯತೊಡಗಿದನು. ಏಕಕಾಲದಲ್ಲಿ ಕ್ರಿಸ್ತನಿಗೂ ಈ ಪಕ್ಷಕ್ಕೂ ಸೇವಕನಾಗಿರಲು ಸಾಧ್ಯವೆ? ಅನ್ಯರ ನಾಡಿಗೆ ನುಗ್ಗುವುದು ಪಿತೃಭೂಮಿಯ ರಕ್ಷಣೆ ಹೇಗಾಗುತ್ತದೆ? ರಷ್ಯದಲ್ಲಿ ನಡೆಯುತ್ತಿರುವುದು ನಾಸ್ತಿಕತೆಯ ವಿರುದ್ಧ ಧರ್ಮಯುದ್ಧವೆನ್ನುವುದಾದರೆ, ಅಲ್ಲಿಯ ಅದಿರು, ಎಣ್ಣೆಯ ಬಾವಿ, ಫಲವತ್ತಾದ ಗೋಧಿಯ ಭೂಮಿ ಇವುಗಳ ಮೇಲೆ ಇಷ್ಟೊಂದು ಕಣ್ಣೇಕೆ? ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಎಷ್ಟೋ ಮಂದಿ ಪಂಡಿತರು ಕೇಳಲಂಜಿದ ಪ್ರಶ್ನೆಗಳು ಇವು.

1940ರಲ್ಲಿ ಅವನನ್ನು ಸೈನ್ಯಕ್ಕೆ ಕರೆದರು. ಹೋದನು, ತರಬೇತಿಯನ್ನೂ ಪಡೆದನು. ಬೇಸಾಯಕ್ಕೆ ಬೇಕಾದವನೆಂದು 1941ರ ವಸಂತದಲ್ಲಿ ಅವನನ್ನು ಮನೆಗೆ ಕಳಿಸಿಕೊಟ್ಟರು. ಆ ತಿಂಗಳುಗಳಲ್ಲಿ ಅವನು ಆ ರಾಜ್ಯಯಂತ್ರದ ಒಳಗನ್ನು ಕಂಡುಬಂದನು. ಬುದ್ಧಿಭ್ರಮಣೆಯ ರೋಗಿಗಳನ್ನು ರಾಜ್ಯವೇ ಕೊಲ್ಲಿಸುತ್ತಿದೆಯೆಂಬ ಸುದ್ದಿಯೂ ಅವನ ಕಿವಿಗೆ ಬಿದ್ದಿತು. ಊರಿಗೆ ಬಂದವನು ಚರ್ಚಿನ ಬಾಗಿಲು ತೆರೆದು, ಗಂಟೆ ಬಾರಿಸಿ, ಬಲಿಪೂಜೆಗೆ ಅಣಿಮಾಡುವ ಸೇವೆಯನ್ನು ವಹಿಸಿಕೊಂಡನು. ಮತ್ತೊಮ್ಮೆ ಕರೆ ಬಂದರೆ ಆಯುಧ ಹಿಡಿಯಲಾರೆನೆಂಬ ನಿಶ್ಚಯ ಅವನಲ್ಲಿ ಗಟ್ಟಿಯಾಗುತ್ತ ಬಂದದ್ದು ಆ ಎರಡು ವರ್ಷಗಳಲ್ಲಿ.

ಈ ವೃತ್ತಾಂತದಲ್ಲಿ ನನ್ನನ್ನು ಬಹಳವಾಗಿ ಕಾಡುವ ಭಾಗ ಇದು. ಅವನನ್ನು ಆ ನಿಶ್ಚಯದಿಂದ ತಿರುಗಿಸಲು ಬಂದವರಲ್ಲಿ ದುಷ್ಟರು ಯಾರೂ ಇರಲಿಲ್ಲ. ತಾಯಿ ಬೇಡಿಕೊಂಡಳು, ನೆಂಟರನ್ನು, ನೆರೆಹೊರೆಯವರನ್ನು ಕರೆಸಿ ಬುದ್ಧಿ ಹೇಳಿಸಿದಳು. ಹಿಂದಿದ್ದ ಊರ ಪಾದ್ರಿ ತಾನೇ ನಾಜಿಗಳ ವಿರೋಧಿಯಾಗಿ ಸೆರೆ ಕಂಡವನು. ಅವನೂ ಇವನನ್ನು ಉಳಿಸಿಕೊಳ್ಳಬೇಕೆಂದೇ ಬಯಸಿದನು. ಕಡೆಗೆ ಫ್ರಾಂತ್ಸನು ಲಿಂಟ್ಸ್ ನಗರಕ್ಕೆ ಹೋಗಿ ಬಿಷಪ್ ಫ್ಲೀಸರ್ ಅವರ ಮುಂದೆಯೇ ತನ್ನ ಸಂಶಯವನ್ನು ಇಟ್ಟನು. ಬಿಷಪ್ಪರು ಹೇಳಿದ್ದರ ತಾತ್ಪರ್ಯ ಇಷ್ಟು: ರಾಜ್ಯ ಮಾಡುವ ಕಾರ್ಯದ ಹೊಣೆ ಪ್ರಜೆಯದಲ್ಲ; ನೀನು ಗೃಹಸ್ಥ; ನಿನ್ನ ಹೊಣೆ ನಿನ್ನ ಹೆಂಡತಿ ಮಕ್ಕಳದು. ಈ ಮಾತನ್ನು ಅಲ್ಲಗಳೆಯುವುದು ಎಷ್ಟು ಕಠಿನ! ನಮ್ಮಲ್ಲಿಯೂ ಹಿರಿಯರು ಇದನ್ನೇ ಹೇಳುತ್ತಿರಲಿಲ್ಲವೆ? ಗೃಹಸ್ಥಾಶ್ರಮಧರ್ಮ, ಪುತ್ರಧರ್ಮ, ರಾಜಾಜ್ಞೆ ಎಂಬ ಪವಿತ್ರ ಶಬ್ದಗಳೆಲ್ಲವೂ ಒಂದೇ ಪಕ್ಷದಲ್ಲಿ ನಿಂತಿದ್ದುವು. ಎದುರು ಪಕ್ಷದಲ್ಲಿ ಇದ್ದುದು, ಇದು ಪಾಪ, ಇದನ್ನು ನಾನು ಮಾಡಲಾರೆ ಎಂಬ ಒಬ್ಬನೇ ಮನುಷ್ಯನ ಅರಿವು. ಹಿರಣ್ಯಕಶಿಪುವಿನ ಕೋಪವನ್ನು ಎದುರಿಸುವುದಕ್ಕೆ ಬೇಕಾಗುವ ಧೈರ್ಯ ಒಂದು. ತಾಯಿ ಕಯಾಧುವಿನ ಕಣ್ಣೀರನ್ನು ಎದುರಿಸುವುದಕ್ಕೆ ಬೇಕಾಗುವುದು ಇನ್ನೊಂದು. ಸೆರೆಮನೆಗೆ ಹೋಗುವ ಮುಂಚೆಯೇ ಫ್ರಾಂತ್ಸನು ಒಂದು ಮುತ್ತಿಗೆಯೊಳಗೆ ಸಿಲುಕಿದ್ದನು. ಅದನ್ನು ಹಾಕಿದವರು ಅವನನ್ನು ಪ್ರೀತಿಸಿದವರು.

1943ರ ಫೆಬ್ರವರಿಯಲ್ಲಿ ಮತ್ತೆ ಆಜ್ಞೆ ಬಂತು. ಮಾರ್ಚ್ 1ರಂದು ಅವನು ಎನ್ಸ್ ಪಟ್ಟಣದ ದಂಡಿನ ಠಾಣೆಗೆ ತಾನಾಗಿಯೇ ಹೋದನು. ಕಾಡಿಗೆ ಓಡಿಹೋಗಿ ಅವಿತುಕೊಳ್ಳಬಹುದಾಗಿತ್ತು. ಆದರೆ ಅದರ ಸೇಡು ಮನೆಯವರ ಮೇಲೆ ತಿರುಗುತ್ತಿತ್ತು. ಆಯುಧ ಹಿಡಿದು ಈ ರಾಜ್ಯಕ್ಕಾಗಿ ಹೋರಾಡುವುದಿಲ್ಲವೆಂದು ಅಧಿಕಾರಿಗಳ ಮುಂದೆ ಹೇಳಿದನು. ಗಾಯಾಳುಗಳ ಶುಶ್ರೂಷೆಗೆ ನಿಯಮಿಸಿದರೆ ಮಾಡುತ್ತೇನೆಂಬುದನ್ನೂ ತಿಳಿಸಿದನು. ಅದಕ್ಕೆ ಅವರು ಕಿವಿಗೊಡಲಿಲ್ಲ. ಅಂದಿನಿಂದ ಆರಂಭವಾದ ಸೆರೆ ಲಿಂಟ್ಸ್‌ನ ದಂಡಿನ ಬಂದಿಖಾನೆಯಲ್ಲಿ ಎರಡು ತಿಂಗಳು, ಆಮೇಲೆ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಮೂರು ತಿಂಗಳು ಸಾಗಿತು. ಲಿಂಟ್ಸ್‌ನಲ್ಲಿ ಕೈದಿಗಳನ್ನು ಹಿಂಸಿಸುವುದು ವಾಡಿಕೆಯಾಗಿತ್ತು. ಅವನ ವಿಶ್ವಾಸವೂ ಅಲ್ಲಿ ಕಠಿನವಾದ ಪರೀಕ್ಷೆಗೆ ಒಳಗಾಯಿತು. ಸೆರೆಮನೆಯ ಬ್ರೆಡ್ಡಿನ ತುಂಡು ಎಷ್ಟೆಂಬುದು ಹಸಿದವನಿಗೆ ಮಾತ್ರ ಗೊತ್ತು. ಆ ತುಂಡನ್ನು ಅವನು ತನಗಿಂತ ಹೆಚ್ಚು ಹಸಿದವರಿಗೆ ಕೊಟ್ಟುಬಿಡುತ್ತಿದ್ದನೆಂದು ಜೊತೆಯಲ್ಲಿದ್ದ ಕೈದಿಗಳು ಆಮೇಲೆ ನೆನೆದಿದ್ದಾರೆ.

ಮನೆಯಿಂದ ಅವನಿಗೆ ಒಂದು ಭಾವಚಿತ್ರ ಬಂದಿತ್ತು. ಮೂವರು ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದಾರೆ. ಅಪ್ಪ ಬೇಗ ಬಾ ಎಂಬ ಅರ್ಥದ ಮಾತನ್ನು ಬರೆದ ಹಲಗೆ ಅವರ ಮುಂದಿದೆ. ಹಿರಿಯಳಿಗೆ ಆಗ ಆರು ತುಂಬಿರಲಿಲ್ಲ, ಕಿರಿಯಳಿಗೆ ಮೂರು. ಈ ಚಿತ್ರವನ್ನು ಅವನ ವಿರುದ್ಧ ಯಾರೂ ಆಯುಧವಾಗಿ ಬಳಸಲಿಲ್ಲ; ಪ್ರೀತಿಯಿಂದಲೇ ಕಳಿಸಿದ್ದು ಅದು. ಆದರೂ ಯಾವ ವಿಚಾರಣಾಧಿಕಾರಿಯ ಬೆದರಿಕೆಯೂ ಅದರಷ್ಟು ಬಲವಾಗಿ ಅವನ ನಿಶ್ಚಯದ ಮೇಲೆ ಬಿದ್ದಿರಲಾರದು. ಅದನ್ನು ನೋಡಿದ ಮೇಲೆಯೂ ಅವನು ಬದಲಾಗಲಿಲ್ಲವೆಂಬುದನ್ನು ಕಠೋರತೆಯೆನ್ನುವವರು ಅಂದೂ ಇದ್ದರು, ಇಂದೂ ಇರಬಹುದು. ಅವನ ಉತ್ತರ ಅವನ ಬರೆಹಗಳಲ್ಲಿಯೇ ಇದೆ: ಹೆಂಡತಿ ಮಕ್ಕಳಿರುವವನೆಂಬ ಕಾರಣದಿಂದ ಪಾಪ ಪುಣ್ಯವಾಗಲಾರದು, ಬೇರೆ ತಂದೆಯರನ್ನು ಅವರ ಮಕ್ಕಳಿಂದ ಅಗಲಿಸಲು ಬಂದೂಕು ಹಿಡಿದು ಹೋಗುವವನಿಗೆ ತನ್ನ ಮಕ್ಕಳ ಹೆಸರು ಹೇಳಿಕೊಳ್ಳುವ ಅಧಿಕಾರ ಎಲ್ಲಿಯದು ಎಂಬುದು ಅವನ ವಾದದ ಹೃದಯವೆಂದು ನಾನು ತಿಳಿಯುತ್ತೇನೆ. ಮರಣದಂಡನೆಯಾದ ಮೇಲೆ ಕೈಗೆ ಕೋಳವಿದ್ದಾಗಲೂ ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಕೈಗಳು ಬಂಧನದಲ್ಲಿರುವುದು ಇಚ್ಛೆಯೇ ಬಂಧನಕ್ಕೆ ಬೀಳುವುದಕ್ಕಿಂತ ಲೇಸೆಂಬ ಭಾವ ಆ ಪುಟಗಳಲ್ಲಿದೆ.

ಅದೇ ಬೇಸಗೆಯಲ್ಲಿ, ಅದೇ ಟೇಗೆಲ್ ಸೆರೆಮನೆಯಲ್ಲಿ, ಡೀಟ್ರಿಖ್ ಬೋನ್‌ಹೋಫರ್ ಎಂಬ ಪ್ರೊಟೆಸ್ಟಂಟ್ ಧರ್ಮಪಂಡಿತನೂ ಇದ್ದನು. ಹತ್ತು ವರ್ಷಗಳ ಹಿಂದೆ ಭಾರತಕ್ಕೆ ಬಂದು ಗಾಂಧೀಜಿಯವರ ಆಶ್ರಮದಲ್ಲಿ ಇರಬೇಕೆಂದು ಬಯಸಿ, ಅವರಿಂದ 1934ರಲ್ಲಿ ಆಹ್ವಾನವನ್ನೂ ಪಡೆದು, ಬರಲಾಗದೆ ಹೋದವನು. ಅವನು ಸೆರೆಯಲ್ಲಿ ಬರೆದ ಪತ್ರಗಳು ಲೋಕಪ್ರಸಿದ್ಧವಾದುವು. ಅವನಿಗೆ ವಿದ್ಯೆಯಿತ್ತು, ಕುಲೀನ ಬಂಧುಗಳಿದ್ದರು, ಹಿಟ್ಲರನ ವಿರುದ್ಧ ಒಡನೆ ಸಂಚು ನಡೆಸಿದ ಮಿತ್ರರಿದ್ದರು. ರೈತನಿಗೆ ಇವಾವುವೂ ಇರಲಿಲ್ಲ. ತನ್ನಂತೆ ಯೋಚಿಸುವವನೊಬ್ಬನು ಲೋಕದಲ್ಲಿ ಇದ್ದಾನೆಯೆ ಎಂಬುದೂ ಅವನಿಗೆ ಬಹುಕಾಲ ತಿಳಿದಿರಲಿಲ್ಲ. ಫ್ರಾಂತ್ಸ್ ರೈನಿಶ್ ಎಂಬ ಕ್ಯಾಥೊಲಿಕ್ ಪಾದ್ರಿಯು ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಹಿಂದಿನ ವರ್ಷವಷ್ಟೇ ಪ್ರಾಣ ಕೊಟ್ಟಿದ್ದನೆಂಬ ಸಂಗತಿಯನ್ನು ಟೇಗೆಲ್ಲಿನ ಸೆರೆಮನೆಯ ಪಾದ್ರಿ ಕ್ರೊಯ್ಟ್ಸ್‌ಬೆರ್ಗ್ ಅವನಿಗೆ ತಿಳಿಸಿದಾಗ, ಆ ಮನುಷ್ಯನಿಗಾದ ಸಮಾಧಾನ ಅಷ್ಟಿಷ್ಟಲ್ಲ. ಸತ್ತವನೊಬ್ಬನ ಸಾಂಗತ್ಯವೇ ಅವನಿಗೆ ಸಿಕ್ಕಿದ ಸತ್ಸಂಗ.

ಇಲ್ಲಿ ಭಗವದ್ಗೀತೆಯ ಮಾತೆತ್ತದೆ ಮುಂದೆ ಹೋಗುವುದು ನಮ್ಮಲ್ಲಿ ಯಾರಿಗೂ ಸಾಧ್ಯವಾಗದು. ಫಲದ ಮೇಲೆ ಕಣ್ಣಿಡದೆ ಕರ್ತವ್ಯವನ್ನು ಮಾಡೆಂಬ ಉಪದೇಶಕ್ಕೆ ಈ ರೈತನಿಗಿಂತ ಮಿಗಿಲಾದ ಉದಾಹರಣೆ ಸಿಕ್ಕುವುದು ಕಷ್ಟ. ಆದರೆ ಅದೇ ಗೀತೆ ಹೇಳಲ್ಪಟ್ಟದ್ದು ಯುದ್ಧಕ್ಕೆ ಒಲ್ಲೆನೆಂದು ಬಿಲ್ಲು ಬಿಸುಟವನನ್ನು ಯುದ್ಧಕ್ಕೆ ಎಬ್ಬಿಸುವುದಕ್ಕಾಗಿ! ನೀನು ಕೇವಲ ನಿಮಿತ್ತ, ಕೊಲ್ಲುವವನು ನೀನಲ್ಲ ಎಂಬ ಮಾತು ಅಲ್ಲಿಯೂ ಇದೆ. ಹೊಣೆ ನಿನ್ನದಲ್ಲ ಎಂದ ಬಿಷಪ್ಪರ ಮಾತು ಮೇಲುನೋಟಕ್ಕೆ ಅದರ ಪ್ರತಿಧ್ವನಿಯಂತೆಯೇ ಕೇಳಿಸುತ್ತದೆ. ಹಾಗಾದರೆ ಕುರುಕ್ಷೇತ್ರದ ಸಾರಥಿಯೂ ಈ ರೈತನಿಗೆ ಬಂದೂಕು ಹಿಡಿಯೆಂದೇ ಹೇಳುತ್ತಿದ್ದನೆ? ನನಗೆ ಹಾಗೆ ತೋರುವುದಿಲ್ಲ. ನಿಮಿತ್ತನಾಗುವುದು ಧರ್ಮಕ್ಕೆ, ಅಧರ್ಮಕ್ಕೆ ನಿಮಿತ್ತನಾದವನನ್ನು ನಮ್ಮ ಮಹಾಭಾರತ ಎಲ್ಲಿಯೂ ಕ್ಷಮಿಸಿಲ್ಲ. ಅನ್ನದ ಋಣಕ್ಕೆ ಕಟ್ಟುಬಿದ್ದು ದುರ್ಯೋಧನನ ಪಕ್ಷದಲ್ಲಿ ನಿಂತ ಭೀಷ್ಮನಿಗೂ ದ್ರೋಣನಿಗೂ ಅವರ ವಿದ್ಯೆ, ವಯಸ್ಸು, ಕೀರ್ತಿಗಳು ಆಸರೆಯಾಗಲಿಲ್ಲ. ಅದಕ್ಕಿಂತಲೂ ಮುಖ್ಯವಾದುದೊಂದುಂಟು. ಹದಿನೆಂಟು ಅಧ್ಯಾಯಗಳ ಉಪದೇಶವೆಲ್ಲ ಮುಗಿಯುತ್ತ ಬಂದಾಗ, ವಿಶ್ವರೂಪವನ್ನೇ ತೋರಿಸಿದ ಭಗವಂತನು ಶಿಷ್ಯನ ಕೈಹಿಡಿದು ಬಿಲ್ಲನ್ನು ಎತ್ತಿಸುವುದಿಲ್ಲ. ಪೂರ್ತಿಯಾಗಿ ವಿಮರ್ಶಿಸಿಕೊಂಡು ಇಚ್ಛೆಯಿದ್ದಂತೆ ನಡೆಯಲು ಅವನನ್ನು ಬಿಡುತ್ತಾನೆ. ಜೀವನ ಸಮ್ಮತಿಯನ್ನು ಈಶ್ವರನೇ ಬಲಾತ್ಕಾರದಿಂದ ಕಸಿದುಕೊಳ್ಳುವುದಿಲ್ಲ. ಈಶ್ವರನು ಕೂಡ ಬಿಟ್ಟುಕೊಟ್ಟ ಆ ಎಡೆಯನ್ನು ಬೇಕೆಂದು ಕೇಳುವ ರಾಜ್ಯ ಯಾವುದೇ ಆಗಲಿ, ತೆರಿಗೆಯನ್ನೋ ದುಡಿಮೆಯನ್ನೋ ಕೇಳುವ ರಾಜ್ಯವಲ್ಲ. ಅದು ದೇವರ ಪೀಠವನ್ನು ಕೇಳುತ್ತಿದೆ. ಹಿರಣ್ಯಕಶಿಪುವೂ ಕೇಳಿದ್ದು ಅದನ್ನೇ.

ಆದುದರಿಂದಲೇ ಒಂದು ವಿಚಿತ್ರವನ್ನು ಈ ಮೊಕದ್ದಮೆಯಲ್ಲಿ ಕಾಣುತ್ತೇವೆ. ಲಕ್ಷಗಟ್ಟಲೆ ಸೈನಿಕರನ್ನು ರಣರಂಗಕ್ಕೆ ನುಗ್ಗಿಸಿದ್ದ ಆ ಸಾಮ್ರಾಜ್ಯಕ್ಕೆ ಒಬ್ಬ ಹಳ್ಳಿಯ ರೈತನು ಬಂದೂಕು ಹಿಡಿದರೇನು, ಬಿಟ್ಟರೇನು? ಆದರೂ ರಾಜ್ಯದ ಅತ್ಯುನ್ನತ ಸೇನಾನ್ಯಾಯಾಲಯ ಅವನ ವಿಚಾರಣೆಗೆ ಕುಳಿತುಕೊಂಡಿತು. ಅವನ ಪರವಾಗಿ ನೇಮಕವಾದ ವಕೀಲನು ಹೇಳಿರುವಂತೆ, ನ್ಯಾಯಾಧೀಶರೇ ಅವನನ್ನು ಕರೆಸಿ, ಮರಣದಂಡನೆ ವಿಧಿಸುವ ಅನಿವಾರ್ಯಕ್ಕೆ ತಮ್ಮನ್ನು ಗುರಿಮಾಡಬೇಡವೆಂದು ಕೇಳಿಕೊಂಡರು. ಪ್ರಾಣವನ್ನು ತೆಗೆಯುವ ಅಧಿಕಾರವುಳ್ಳವರು ಪ್ರಾಣ ಕಳೆದುಕೊಳ್ಳುವವನ ಮುಂದೆ ಯಾಚಕರಾಗಿ ನಿಂತರು! ದಬ್ಬಾಳಿಕೆಯು ಬರಿಯ ಬಲದಿಂದ ನಡೆಯುವುದಾಗಿದ್ದರೆ ಈ ಯಾಚನೆ ಬೇಕಾಗಿರಲಿಲ್ಲ. ಅದು ನಡೆಯುವುದು ಒಬ್ಬೊಬ್ಬನೂ ಕೊಡುವ ಒಪ್ಪಿಗೆಯಿಂದ, ಮತ್ತು ಒಪ್ಪಿಗೆಯಿತ್ತ ಪ್ರತಿಯೊಬ್ಬನೂ ತನಗೆ ಬೇರೆ ದಾರಿಯಿರಲಿಲ್ಲವೆಂದು ನಂಬಿಕೊಳ್ಳುವುದರಿಂದ. ಆ ನಂಬಿಕೆಯನ್ನು ಒಬ್ಬನೇ ಒಬ್ಬನು ಸುಳ್ಳುಮಾಡಿ ತೋರಿಸಿದರೂ ಸಾಕು. ಅವನ ಸೆರೆ ಯುದ್ಧವನ್ನು ಒಂದು ದಿನವೂ ಮೊಟಕುಮಾಡಲಿಲ್ಲ, ಒಬ್ಬ ಯೆಹೂದ್ಯನ ಪ್ರಾಣವನ್ನೂ ಉಳಿಸಲಿಲ್ಲ. ಆ ಅರ್ಥದಲ್ಲಿ ಅದು ನಿಷ್ಫಲ. ಆದರೆ ಬೇರೆ ದಾರಿಯೇ ಇರಲಿಲ್ಲವೆಂಬ ಮಾತನ್ನು ಅಂದಿನಿಂದ ಮುಂದೆ ಸತ್ಯವೆಂದು ಹೇಳಲು ಯಾರಿಗೂ ಸಾಧ್ಯವಿಲ್ಲದಂತಾಯಿತು. ಸೆರೆಯಲ್ಲಿದ್ದವನಿಂದ ಆದ ಕೆಲಸ ಅದು. ಹೊರಗಿದ್ದ ಯಾರಿಗೂ ಅದನ್ನು ಅವನಿಗಾಗಿ ಮಾಡಿಕೊಡಲಾಗುತ್ತಿರಲಿಲ್ಲ.

ಜುಲೈ 6ರಂದು ಮರಣದಂಡನೆಯ ತೀರ್ಪಾಯಿತು. ಕೆಲವು ದಿನಗಳಲ್ಲಿ ಫ್ರಾಂತ್ಸಿಸ್ಕಾ ಊರಿನ ಪಾದ್ರಿಯೊಡನೆ ಬರ್ಲಿನ್ನಿಗೆ ಬಂದಳು. ಕಾವಲಿನವರ ಕಣ್ಣೆದುರಿಗೆ ಗಂಡಹೆಂಡಿರು ಕೆಲವು ನಿಮಿಷ ಒಬ್ಬರನ್ನೊಬ್ಬರು ಕಂಡರು. ಪಾದ್ರಿ ಅವನ ಮನಸ್ಸನ್ನು ತಿರುಗಿಸಲು ಯತ್ನಿಸಿದನು. ಅವಳು ಯತ್ನಿಸಲಿಲ್ಲ. ಮೊದಮೊದಲು ಅವಳೂ ಬೇಡವೆಂದವಳೇ. ಆದರೆ ಎಲ್ಲರೂ ಅವನನ್ನು ಕೈಬಿಟ್ಟಾಗ ತಾನೂ ಬಿಟ್ಟರೆ ಅವನಿಗೆ ಯಾರೂ ಇಲ್ಲದಂತಾಗುತ್ತದೆಯೆಂದು ಕಂಡುಕೊಂಡು, ಅವನ ಪಕ್ಕದಲ್ಲಿ ನಿಂತಳು. ಆಗಸ್ಟ್ 9ರಂದು ಅವನನ್ನು ಬ್ರಾಂಡೆನ್‌ಬುರ್ಗಿನ ಸೆರೆಮನೆಗೆ ಸಾಗಿಸಿದರು. ಅಂದು ಅವನು ಮನೆಗೆ ಕಡೆಯ ಕಾಗದ ಬರೆದು, ತನ್ನಿಂದ ನೋವುಂಡವರೆಲ್ಲರ ಕ್ಷಮೆಯನ್ನು ಬೇಡಿದನು. ಕೊನೆಯ ಗಳಿಗೆಯಲ್ಲಿಯೂ ಸಹಿ ಹಾಕಿದರೆ ಪ್ರಾಣ ಉಳಿಯುವಂತಹ ಕಾಗದವೊಂದು ಮೇಜಿನ ಮೇಲಿತ್ತೆಂದೂ, ಅವನು ಅದನ್ನು ಪಕ್ಕಕ್ಕೆ ಸರಿಸಿದನೆಂದೂ, ಅಂದು ಅವನ ಬಳಿಯಿದ್ದ ಪಾದ್ರಿ ಯೋಖ್‌ಮನ್ ತಿಳಿಸಿದ್ದುಂಟು. ಸಂಜೆ ನಾಲ್ಕು ಗಂಟೆಗೆ ಶಿರಚ್ಛೇದನ ಯಂತ್ರದ ಕೆಳಗೆ ಅವನ ತಲೆ ಬಿದ್ದಿತು. ಕಂಬ ಒಡೆಯಲಿಲ್ಲ.

ಆಸ್ತಿಕನಾದವನು ಈ ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ದೇಹ ಹೋದರೇನು, ಆತ್ಮ ಉಳಿಯಿತಲ್ಲ ಎಂದು ಹಗುರವಾಗಿ ಹೇಳಿ ದಾಟಿಹೋಗುವುದು ಆ ಮೂವರು ಮಕ್ಕಳಿಗೆ ಮಾಡಿದ ಅಪಚಾರವಾಗುತ್ತದೆ. ನನಗೆ ತೋರುವುದಿಷ್ಟು: ಪ್ರಹ್ಲಾದನ ಕಥೆಯಲ್ಲಿ ಕಂಬ ಒಡೆದದ್ದು ಕೇಳುವ ನಮಗಾಗಿ, ಪ್ರಹ್ಲಾದನಿಗೆ ಅದರ ಅಗತ್ಯವಿರಲಿಲ್ಲ. ಕಂಬದಲ್ಲಿಯೂ ಇದ್ದಾನೆಯೆ ಎಂದು ತಂದೆ ಗದ್ದರಿಸಿದಾಗ, ಇದ್ದಾನೆಂದು ಆ ಬಾಲಕನು ಹೇಳಿದುದು ಕಂಬ ಒಡೆಯುವ ಮುಂಚೆ. ಒಡೆಯದೆ ಹೋಗಿದ್ದರೂ ಅವನು ಹೇಳಿದ ಮಾತು ಅದೇ ಮಾತಾಗಿರುತ್ತಿತ್ತು. ದೇವರು ತನ್ನನ್ನು ಬಿಡಿಸುವನೆಂಬ ಭರವಸೆಯಿಂದ ಫ್ರಾಂತ್ಸನು ಸೆರೆಗೆ ಹೋಗಲಿಲ್ಲ. ಬಿಡಿಸದಿದ್ದರೂ ಅವನು ದೇವರೇ ಎಂಬ ಅರಿವಿನಿಂದ ಹೋದನು. ಫಲಾಪೇಕ್ಷೆಯಿಲ್ಲದ ಭಕ್ತಿಯೆಂದು ನಮ್ಮ ಆಚಾರ್ಯರು ಹೇಳಿದ ವಸ್ತು ಲೋಕದಲ್ಲಿ ಎಲ್ಲಿಯಾದರೂ ಇದೆಯೆ ಎಂದು ಕೇಳಿದರೆ, ನಾನು ತೋರಿಸುವ ಎಡೆಗಳಲ್ಲಿ ಟೇಗೆಲ್ಲಿನ ಆ ಕೋಣೆ ಒಂದು.

ಯುದ್ಧ ಮುಗಿಯಿತು, ನಾಜಿಗಳು ಬಿದ್ದರು. ಊರು ಇನ್ನಾದರೂ ಅವನನ್ನು ಕೊಂಡಾಡಿತೆ? ಇಲ್ಲ. 1946ರಲ್ಲಿ ಅವನ ಚಿತಾಭಸ್ಮ ಊರಿಗೆ ಬಂದು ಚರ್ಚಿನ ಗೋಡೆಯ ಬಳಿ ಸಮಾಧಿಯಾಯಿತು. ಆದರೆ ಅವನನ್ನು ಕುರಿತ ಲೇಖನವೊಂದು ಲಿಂಟ್ಸ್ ಧರ್ಮಪ್ರಾಂತದ ಪತ್ರಿಕೆಯಲ್ಲಿ ಅಚ್ಚಾಗದಂತೆ ಬಿಷಪ್ಪರು ತಡೆದರು. ಕರ್ತವ್ಯವೆಂದು ನಂಬಿ ರಣರಂಗದಲ್ಲಿ ಮಡಿದ ಯುವಕರೇ ಹೆಚ್ಚಿನ ವೀರರೆಂಬುದು ಅವರ ಅಭಿಪ್ರಾಯವಾಗಿತ್ತು. ಯುದ್ಧವಿಧವೆಯರಿಗೆ ಸಲ್ಲುವ ವಿಶ್ರಾಂತಿವೇತನ ಫ್ರಾಂತ್ಸಿಸ್ಕಾಳಿಗೆ 1950ರವರೆಗೆ ಸಿಕ್ಕಲಿಲ್ಲ. ಅತಿಯಾದ ಭಕ್ತಿಯಿಂದ ಗಂಡನ ತಲೆ ಕೆಡಿಸಿದವಳು ಇವಳೇ ಎಂದವರೂ ಇದ್ದರು. ಹಳ್ಳಿಯವರನ್ನು ಕೆಟ್ಟವರೆಂದು ನಾನು ಬಗೆಯುವುದಿಲ್ಲ. ಅವರ ಮನೆಗಳಿಂದಲೂ ಮಕ್ಕಳು ಹೋಗಿದ್ದರು, ಸತ್ತಿದ್ದರು. ಫ್ರಾಂತ್ಸನದು ಸರಿಯೆಂದರೆ ತಮ್ಮ ಸತ್ತ ಮಕ್ಕಳದು ಏನೆನ್ನಬೇಕು ಎಂಬ ಪ್ರಶ್ನೆ ಪ್ರತಿಯೊಂದು ಮನೆಯ ಹೊಸ್ತಿಲಲ್ಲಿಯೂ ನಿಂತಿತ್ತು.

ಲೋಕಕ್ಕೆ ಅವನ ಹೆಸರು ತಿಳಿದದ್ದು ಗಾರ್ಡನ್ ಜಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು, ತಾನೂ ಅದೇ ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದಿದ್ದವನು, ಹಳ್ಳಿಗೆ ಹೋಗಿ ವಿಚಾರಿಸಿ 1964ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಮರುವರ್ಷ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ಆಯುಧವನ್ನು ನಿರಾಕರಿಸುವ ಅಂತಃಸಾಕ್ಷಿಯ ಹಕ್ಕನ್ನು ಧರ್ಮಸಭೆ ಗೌರವಿಸಬೇಕೆಂದು ವಾದಿಸುತ್ತ ಈ ರೈತನ ಉದಾಹರಣೆಯನ್ನು ಮುಂದಿಟ್ಟವರು ಆರ್ಚ್‌ಬಿಷಪ್ ಥಾಮಸ್ ರಾಬರ್ಟ್ಸ್. ಬೊಂಬಾಯಿಯ ಆರ್ಚ್‌ಬಿಷಪ್ಪರಾಗಿದ್ದು, ಆ ಪೀಠ ಭಾರತೀಯರೊಬ್ಬರಿಗೆ ಸಲ್ಲಲೆಂದು ತಾವಾಗಿ ಬಿಟ್ಟುಕೊಟ್ಟವರು ಇವರು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ಹಳೆಯ ತೀರ್ಪನ್ನು ರದ್ದುಪಡಿಸಿತು. 2007ರ ಅಕ್ಟೋಬರ್ 26ರಂದು ಅದೇ ಲಿಂಟ್ಸ್ ನಗರದಲ್ಲಿ ಧರ್ಮಸಭೆ ಅವನನ್ನು ಧನ್ಯನೆಂದು ಸಾರಿತು. ತೊಂಬತ್ತನಾಲ್ಕು ವರ್ಷದ ಫ್ರಾಂತ್ಸಿಸ್ಕಾ ಆ ದಿನ ಅಲ್ಲಿದ್ದಳು.

ಗಂಡನ ಸೆರೆ ಐದು ತಿಂಗಳು ಒಂಬತ್ತು ದಿನಗಳಲ್ಲಿ ಮುಗಿಯಿತು. ಅವಳದು ಅರುವತ್ತನಾಲ್ಕು ವರ್ಷ ನಡೆದು ಆ ದಿನ ಮುಗಿಯಿತೆಂದರೆ ತಪ್ಪಾಗದು. ಹೊಲ ಉತ್ತವಳು, ಮಕ್ಕಳನ್ನು ಸಾಕಿದವಳು, ಗಂಡನು ಬಿಟ್ಟುಹೋದ ಚರ್ಚಿನ ಸೇವೆಯನ್ನು ತಾನು ಎತ್ತಿಕೊಂಡವಳು, ಊರಿನ ಮಾತನ್ನು ಸಹಿಸಿಕೊಂಡು ಅವನ ಕಾಗದಗಳನ್ನು ಜೋಪಾನವಾಗಿ ಉಳಿಸಿದವಳು ಅವಳು. ಆ ಕಾಗದಗಳು ಉಳಿಯದೆ ಹೋಗಿದ್ದರೆ ಅವನ ಮನಸ್ಸು ನಮಗೆ ತಿಳಿಯುತ್ತಲೇ ಇರಲಿಲ್ಲ. ನೂರು ವರ್ಷ ತುಂಬಿದ ಮೇಲೆ, 2013ರ ಮಾರ್ಚ್‌ನಲ್ಲಿ, ಅವಳು ತೀರಿಕೊಂಡಳು. ಈ ಸೆರೆಯಾಳಿನ ಕಥೆಯನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳುವುದಾದರೆ, ದಯಮಾಡಿ ಅವನೊಬ್ಬನದೆಂದು ಹೇಳಬಾರದು.